ಒಂದೇ ಕಾಲಿನ ಪೇಪರ್

ಅಮ್ಮಾ,

ಭಾನುವಾರದ ಸ್ಟೀಪಲ್‌ಚೇಸ್ ಓಟದಲ್ಲಿ ವಿಶ್ವದಾಖಲೆ ಮುರಿಯುತ್ತೀಯಾ ಎಂದು ಇಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಮುರಿಯುತ್ತೇನೆ. ನೀನು ಕಾಲಿನ ವಿಚಾರ ತೆಗೆಯುವ ಮೊದಲೇ ಹೇಳಿಬಿಡುತ್ತೇನೆ, ಅದು ಈಗ ನನ್ನ ಮಾತು ಕೇಳುತ್ತಿದೆ.

ಹೋದ ವರ್ಷ ಓಟದ ದಾರಿಯಲ್ಲಿ ಬರುವ ನೀರಿನ ಗುಂಡಿಯ ಮುಂದಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಹಾರುವಾಗ ತಾನೆ ಜಾರಿ ಬಿದ್ದು ಕಾಲು ನೋಯಿಸಿಕೊಂಡದ್ದು? ಈಗ ಅದನ್ನು ಮುಟ್ಟುವುದೇ ಇಲ್ಲ, ಮೇಲಿನಿಂದಲೇ ಹಾರಿಬಿಡುತ್ತೇನೆ. ಮೊದಲ ದಿನ ಕೋಚ್ "ತಲೆಗಿಲೆ ಕೆಟ್ಟಿದೆಯಾ ನಿಂಗೆ?" ಎಂದು ರೇಗಿದರು. ಈಗ ಸ್ಟಾಪ್‌ವಾಚ್ ನೋಡಿ "ಇನ್ನೊಂದ್ಸಲ ಹಾರು" ಅನ್ನುತ್ತಾರೆ.

ಟಿವಿಯಲ್ಲಿ ಆ ಗುಂಡಿ ಬಂದಾಗಲೆಲ್ಲ ನೀನು ಕಣ್ಣು ಮುಚ್ಚಿಕೊಂಡು "ದಾಟಿದ್ಲಾ? ದಾಟಿದ್ಲೇನ್ರೀ?" ಎಂದು ಅಪ್ಪನ ಜೀವ ತಿನ್ನುತ್ತೀಯಂತೆ. ಈ ಸಲ ಅಪ್ಪ ಬಾಯಿ ಬಿಡುವುದಿಲ್ಲ, ಹೇಳಿಟ್ಟಿದ್ದೇನೆ. ನೀನೇ ನೋಡಬೇಕು.

ಇನ್ನೊಂದು ಮಾತು. ನಾನು ತರುವ ಒದ್ದೆ ಶೂಗಳೊಳಗೆ ತುರುಕಲು ಹಳೇ ಪೇಪರ್ ಎತ್ತಿಡುತ್ತೀಯಲ್ಲ, ಈ ಸಲ ಅಷ್ಟೊಂದು ಬೇಡ. ಹೀಗೆ ಹಾರಿದರೆ ಒಂದೇ ಕಾಲು ನೆನೆಯುವುದು. ಇರುವುದರಲ್ಲೇ ತುರುಕು, ಆದರೆ ಸೋಮವಾರದ ಪೇಪರಿಗೆ ಮಾತ್ರ ಕೈ ಹಾಕಬೇಡ. ಅದು ನಮಗೆ ಬೇಕಾಗುತ್ತದೆ.

ನಿನ್ನ ಕೋತಿಮರಿ