‘ಬೇಡ’ ಎನ್ನುವ ಅಭ್ಯಾಸ

ಹೊಲಿಗೆ ಮೆಷಿನ್ನಿನ ಪಕ್ಕದಿಂದ,
ಫೆಬ್ರವರಿ ತಿಂಗಳ ಎರಡನೆಯ ಗುರುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ನೀನೀಗ ಇನ್ನೊಂದು ಮನೆಯ ಸೊಸೆ. ಮಗಳು ಅನ್ನುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ, ಹಾಗಾಗಿ ಅದನ್ನೇ ಬರೆದಿದ್ದೇನೆ. ಹೇಗಿದ್ದೀಯ? ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದಾಗ ನಿನ್ನ ಕಾಲು ಊದಿಕೊಳ್ಳುತ್ತಿತ್ತಲ್ಲ, ಈಗ ಹೇಗಿದೆ? ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟು ಕೂತುಕೋ. ನರ್ಸಿಗೆ ನೀವು ಹೇಳಿಕೊಡಬೇಕಾ ಅತ್ತೆ ಅನ್ನಬೇಡ. ಊರಿಗೆಲ್ಲ ಮಾತ್ರೆ ಕೊಡುವವಳು ತನ್ನ ತಲೆನೋವಿಗೆ ಒಂದು ಲೋಟ ನೀರನ್ನೂ ಕುಡಿಯುವುದಿಲ್ಲ ಎಂದು ನನಗೆ ಗೊತ್ತು. ನನ್ನ ಮಂಡಿ ಹಾಗೇ ಇದೆ. ಕಣ್ಣು ಮಾತ್ರ, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುವ ಮಟ್ಟಕ್ಕೆ ಬಂದಿದೆ. ನಿನ್ನ ಹಳೆಯ ಗಂಡ ಎಂದರೆ ಹಳೇ ಚಪ್ಪಲಿ ಅಂದ ಹಾಗೆ ಕೇಳಿಸುತ್ತದೆ, ನನ್ನ ಮಗ ಅಂತಲೇ ಬರೆಯುತ್ತೇನೆ. ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ತಟ್ಟೆ ನೋಡಿಕೊಂಡು ಊಟ ಮಾಡುತ್ತಾನೆ. ಅವನ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಹೆತ್ತವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೀನು ಹೋದದ್ದಕ್ಕೆ ಆವತ್ತೂ ಬಯ್ಯಲಿಲ್ಲ, ಇವತ್ತೂ ಬಯ್ಯುವುದಿಲ್ಲ. ನಿನ್ನ ಹೊಸ ಮನೆಯಲ್ಲಿ ಎಲ್ಲ ಒಂದು ಹದಕ್ಕೆ ಬರುವ ತನಕ ಮಗು ಇಲ್ಲೇ ಇರಲಿ ಎಂದು ಮಾತಾಡಿಕೊಂಡವರಲ್ಲಿ ನಾನೂ ಒಬ್ಬಳು.

ಇನ್ನು ನಮ್ಮ ಪಿಟೀಲಿನ ವಿಷಯ. ಅತ್ತರೆ ಬೀದಿಯ ಕೊನೆಗೂ ಕೇಳಿಸುತ್ತದೆ ಎಂದು ಮಗುವಿಗೆ ನೀನೇ ಇಟ್ಟ ಹೆಸರು. ನೀನು ಹೋದ ಮೇಲೆ ಅವಳು ಮನೆಯಲ್ಲಿ ಅಳುವುದನ್ನೇ ನಿಲ್ಲಿಸಿಬಿಟ್ಟಳು. ಒಳ್ಳೆಯದಾಯಿತು, ಹೊಂದಿಕೊಂಡಳು ಎಂದುಕೊಂಡೆವು. ಎಲ್ಲಿಯ ಹೊಂದಿಕೆ? ತರಗತಿಯಲ್ಲಿ ಬೆಂಚಿನ ಕೆಳಗೆ ಹೋಗಿ ಕೂರುತ್ತಿದ್ದಳಂತೆ. ಒಂದು ದಿನ ಹೊರಗೆ ಬಾ ಎಂದು ಕೈ ಹಿಡಿದ ಹುಡುಗಿಯ ಮುಂಗೈಯನ್ನು ಹಲ್ಲಿನ ಗುರುತು ಬೀಳುವ ಹಾಗೆ ಕಚ್ಚಿದಳು. ಶಾಲೆಯಿಂದ ಕರೆ ಬಂತು. ನನ್ನ ಬಾಯಿ ನಿನಗೆ ಗೊತ್ತಲ್ಲ, ಅವರು ಒಂದಂದರೆ ನಾನು ಹತ್ತು ಅನ್ನಬೇಕೆಂದು ಸೆರಗು ಬಿಗಿದುಕೊಂಡೇ ಹೋದೆ. ಆದರೆ ಆ ಟೀಚರಮ್ಮ ಬಯ್ಯಲೇ ಇಲ್ಲ. ಮೊಲದ ಮರಿಯ ಜೊತೆ ಮಾತಾಡುವ ಹಾಗೆ ಮೆಲ್ಲಗೆ ಮಾತಾಡುವ ಹೆಂಗಸು. ಮಕ್ಕಳ ಗಿಡ್ಡ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, "ಕೋಪ ಬರೋದು ತಪ್ಪಲ್ಲಮ್ಮ, ಬಂದಾಗ ಏನು ಮಾಡಬೇಕು ಅಂತ ಮಗೂಗೆ ಗೊತ್ತಿಲ್ಲ, ಅಷ್ಟೇ. ಓದು ಬರಹ ಕಲಿಸಿದ ಹಾಗೇ ಇದನ್ನೂ ಕಲಿಸಬೇಕು" ಅಂದರು. ಆ ಕುರ್ಚಿಯಿಂದ ಏಳಲು ನನಗೆ ಇಬ್ಬರು ಕೈ ಕೊಡಬೇಕಾಯಿತು, ಮಕ್ಕಳೆಲ್ಲ ನಕ್ಕರು.

ಅವರು ಹೇಳಿದ್ದು ಇಷ್ಟು. ಸಿಟ್ಟು ಏರುವಾಗ ಕೈಗೆ ಒಂದು ಕೆಲಸ ಇರಬೇಕು. ಹಾಗಾಗಿ ಅವಳ ಫ್ರಾಕುಗಳ ಜೇಬಿನ ಒಳಗೆ ಒಂದೊಂದು ದೊಡ್ಡ ಗುಂಡಿ ಹೊಲಿದೆ. ಕೈ ಒಳಗೆ ಹಾಕಿ ಗುಂಡಿ ತಿರುಗಿಸುತ್ತಾ ಉಸಿರು ಮೆಲ್ಲಗೆ ಬಿಡಬೇಕು. ಆಗಲೂ ತಡೆಯದಿದ್ದರೆ ಟೀಚರಿಗೆ ಕೈ ತೋರಿಸಿ ಕಿಟಕಿಯ ಪಕ್ಕದ ಚಾಪೆಯ ಮೇಲೆ ಹೋಗಿ ಕೂರಬಹುದು, ಯಾರೂ ಯಾಕೆ ಎಂದು ಕೇಳುವುದಿಲ್ಲ. ಗುಂಡಿಗಳು ನೀನು ಬಿಟ್ಟುಹೋದ ಕಂದು ಬಣ್ಣದ ಕೋಟಿನವು. ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಜೇಬಿಗೆ ಕೈ ಹಾಕಿದ ಕೂಡಲೇ ಅವಳಿಗೆ ಗೊತ್ತಾಯಿತು ಎಂದು ಮುಖ ನೋಡಿ ನನಗೂ ಗೊತ್ತಾಯಿತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನಾನೂ ನನ್ನ ರವಿಕೆಗೆ ಅಂಥದೊಂದು ಗುಂಡಿ ಹೊಲಿದುಕೊಳ್ಳಬೇಕು ಎಂದು ಮಗ ಅಂದ. ಬಹಳ ದಿನದ ಮೇಲೆ ಅವನ ಬಾಯಿಂದ ಬಂದ ತಮಾಷೆ, ಸುಮ್ಮನೆ ಬಿಟ್ಟೆ.

ಎರಡನೆಯ ಪಾಠ ಆಟಕ್ಕೆ ಸೇರುವುದು. ನಮ್ಮ ಕಾಲದಲ್ಲಿ ಇದನ್ನೆಲ್ಲ ಯಾರು ಕಲಿಸಿದರು, ನುಗ್ಗಿದೆವು, ಹೊಡೆತ ತಿಂದೆವು, ಸೇರಿದೆವು. ಈಗ ಕ್ರಮ ಇದೆ. ಮೊದಲು ಸ್ವಲ್ಪ ದೂರ ನಿಂತು ಏನು ಆಟ ಎಂದು ನೋಡಬೇಕು. ಅವರ ಮಾತಿನ ನಡುವೆ ಬಾಯಿ ಹಾಕಬಾರದು, ಮಾತು ನಿಲ್ಲುವ ತನಕ ಕಾಯಬೇಕು. ಆಮೇಲೆ ಒಬ್ಬರನ್ನು ಕರೆದು, ಮುಖ ನೋಡಿ, "ನಾನೂ ಬರ್ಲಾ?" ಎಂದು ಕೇಳಬೇಕು. ಬಾ ಅಂದರೆ ಸೇರಿಕೊಳ್ಳುವುದು, ಬೇಡ ಅಂದರೆ "ಸರಿ, ಇನ್ನೊಂದ್ಸಲ" ಎಂದು ಗುಂಡಿ ತಿರುಗಿಸಿಕೊಂಡು ಬೇರೆ ಕಡೆ ಹೋಗುವುದು. ಎರಡನ್ನೂ ಮನೆಯಲ್ಲಿ ಅಭ್ಯಾಸ ಮಾಡಿಸಿ ಎಂದರು. ನಿನ್ನ ಮಾವ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು: ಸಂಜೆ ಹೊತ್ತು ನನ್ನ ಮಗ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ದಾರದ ಉಂಡೆಗಳಿಂದ ಮನೆ ಕಟ್ಟುತ್ತಾನೆ, ಅವಳು ಬಾಗಿಲ ಬಳಿ ನಿಂತು ಕಾಯುತ್ತಾಳೆ. ತೊಂದರೆ ಏನೆಂದರೆ, ಅವಳು ಬಂದು ಕೇಳಿದಾಗಲೆಲ್ಲ ಅವನು "ಬಾ" ಅಂದುಬಿಡುತ್ತಿದ್ದ. ಇವತ್ತು ಬೇಡ ಅನ್ನಬೇಕು ಕಣೋ ಎಂದು ಮೊದಲೇ ಹೇಳಿಟ್ಟರೂ, ಅವಳು ಮುಖ ನೋಡಿ ಕೇಳಿದ ಕೂಡಲೇ "ಬಾ". ವಾರಗಟ್ಟಲೆ ಹೀಗೇ ನಡೆಯಿತು. ಶಾಲೆಯಲ್ಲಿ ಒಬ್ಬಳು ಬೇಡ ಅಂದಾಗ ಪಿಟೀಲು ಮತ್ತೆ ಬೆಂಚಿನ ಕೆಳಗೆ. ಟೀಚರಮ್ಮ ನನ್ನನ್ನು ಕರೆಸಿ, "ಬೇಡ ಅನ್ನೋದನ್ನ ಅವಳು ಮೊದಲು ನಿಮ್ಮ ಬಾಯಿಂದ ಕೇಳಲಿ ಅಮ್ಮ, ಹೊರಗೆ ಹೇಗೂ ಕೇಳ್ತಾಳೆ" ಅಂದರು. ಆಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಮೆಷಿನ್ ತುಳಿಯುತ್ತಾ, ಬಟ್ಟೆಯ ಮೇಲಿಂದ ಕಣ್ಣು ಎತ್ತದೆ, ಬೇಡ ಅನ್ನುತ್ತಿದ್ದೆ. ಆ ದಿನಗಳಲ್ಲಿ ಹೊಲಿದ ಹೊಲಿಗೆ ಒಂದೂ ನೆಟ್ಟಗಿಲ್ಲ, ಗಿರಾಕಿಗಳು ವಾಪಸ್ ತಂದರು.

ಆದರೆ ಕಲಿತಳು. ಈಗ ಗುಂಗುರು ಕೂದಲಿನ ಹುಡುಗಿಯೊಬ್ಬಳ ಮಣ್ಣಿನ ಅಂಗಡಿಯಲ್ಲಿ ಇವಳಿಗೆ ಗಿರಾಕಿಯ ಕೆಲಸ ಸಿಕ್ಕಿದೆ, ಚೌಕಾಸಿಯಲ್ಲಿ ನನ್ನನ್ನೂ ಮೀರಿಸುತ್ತಾಳಂತೆ. ಕಚ್ಚಿಸಿಕೊಂಡವಳ ಜೊತೆ ಊಟದ ಡಬ್ಬಿ ಹಂಚಿಕೊಳ್ಳುತ್ತಾಳೆ. ನಿನಗೆ ಇದನ್ನೆಲ್ಲ ಬರೆಯಬೇಕೆಂದು ಎಷ್ಟು ಆಸೆಯಿಂದ ಕಾದಿದ್ದೆ ಗೊತ್ತಾ?

ಮೊನ್ನೆ ಭಾನುವಾರ ಬೆಳಿಗ್ಗೆ ಬಟ್ಟೆಯ ಗಂಟು ತರಲು ಒಳಗಿನ ಕೋಣೆಗೆ ಹೋದೆ. ರವಿಕೆ ಅಳತೆ ನೋಡಲು ಇಟ್ಟಿರುವ ತಲೆಯಿಲ್ಲದ ಬೊಂಬೆ ಇದೆಯಲ್ಲ, ಅದರ ಎದುರು ಪಿಟೀಲು ನಿಂತಿದ್ದಳು. ಸ್ವಲ್ಪ ದೂರ, ಪಾಠದಲ್ಲಿ ಹೇಳಿದಷ್ಟೇ ದೂರ. ಬೊಂಬೆಯ ಮೈಮೇಲೆ ಗುಂಡಿಯಿಲ್ಲದ ನಿನ್ನ ಕಂದು ಕೋಟು. ಕಾದಳು. ಆಮೇಲೆ, "ಅಮ್ಮಾ, ನಾನೂ ಬರ್ಲಾ?" ಅಂದಳು. ಒಂದು ಗಳಿಗೆ ಬಿಟ್ಟು, "ಸರಿ, ಇನ್ನೊಂದ್ಸಲ" ಅಂದಳು. ಮತ್ತೆ ಹಿಂದೆ ಹೋಗಿ, ಮತ್ತೆ ನಿಂತು, ಮತ್ತೆ ಕೇಳಿದಳು. ಬಾ ಎಂದಾಗ ಏನು ಮಾಡಬೇಕೆಂಬುದನ್ನು ಅವಳು ಅಭ್ಯಾಸ ಮಾಡುತ್ತಿರಲಿಲ್ಲ ಮಗಳೇ, ಬರೀ ಬೇಡವನ್ನು ಮಾಡುತ್ತಿದ್ದಳು. ಗಂಟು ಅಲ್ಲೇ ಬಿಟ್ಟು ಬಂದೆ.

ಇಷ್ಟು ಬರೆಯುವಷ್ಟರಲ್ಲಿ ಶಾಲೆ ಬಿಡುವ ಹೊತ್ತಾಯಿತು. ನಿನ್ನ ಹೊಸ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು, ತಿಳಿಸುವ ಹಾಗಿದ್ದರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ತಣ್ಣಗಿರು.

ಇಂತು ನಿನ್ನ
ಅತ್ತೆ (ಬೇರೆ ಏನೆಂದು ಸಹಿ ಮಾಡಬೇಕೋ ತಿಳಿಯಲಿಲ್ಲ)

ತಾ.ಕ.: ಅವಳನ್ನು ಕರೆತರಲು ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ಅದೇ ಭಾನುವಾರ ಸಂಜೆ ನೀನು ಫೋನ್ ಮಾಡಿದಾಗ ಅವಳು ‘ನಾನೂ ಬರ್ಲಾ’ ಎಂದು ಕೇಳಿಯೇಬಿಟ್ಟಳು. ನೀನು ಮಾತಾಡಲಿಲ್ಲ. ಪಕ್ಕದಲ್ಲಿ ಯಾರಿದ್ದರೋ, ನಿನ್ನ ಕಷ್ಟ ಏನಿತ್ತೋ, ನೀನು ಫೋನ್ ಇಟ್ಟುಬಿಟ್ಟೆ. ಅವಳು ಇಡಲಿಲ್ಲ. ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು. ಕಟ್ ಆಗಿದೆ ಪುಟ್ಟಾ, ಕೊಡು ಅಂದರೆ, "ಶ್, ಅಮ್ಮ ಯೋಚನೆ ಮಾಡ್ತಿದಾಳೆ. ನಡುವೆ ಮಾತಾಡಬಾರ್ದು" ಅಂದಳು. ಬಾ ಅಂದರೆ ಏನು ಮಾಡಬೇಕೆಂದು ಅವಳಿಗೆ ಕಲಿಸಿದ್ದೇವೆ, ಬೇಡ ಅಂದರೆ ಏನು ಮಾಡಬೇಕೆಂದೂ ಕಲಿಸಿದ್ದೇವೆ. ಸುಮ್ಮನಿದ್ದರೆ ಏನು ಮಾಡಬೇಕೆಂದು ಟೀಚರಮ್ಮನಿಗೂ ಗೊತ್ತಿಲ್ಲ. ಬರುವ ಭಾನುವಾರ ಮತ್ತೆ ಕೇಳುತ್ತಾಳೆ. ಕರೆಯಲು ಆಗದಿದ್ದರೆ ಬಾಯಿಬಿಟ್ಟು ಬೇಡ ಅನ್ನು ತಾಯಿ. ಅವಳ ಜೇಬಿನ ಗುಂಡಿಯನ್ನು ಎರಡೆಳೆ ದಾರದಲ್ಲಿ ಗಟ್ಟಿಯಾಗಿ ಹೊಲಿದಿದ್ದೇನೆ.