ಕಿರೀಟದೊಳಗಿನ ಗುಳಿಗಿ

ಶ್ರೀರಾಮನಗರ
೦೪-೦೮-೨೦೨೫

ಚಿ. ಸೌ. ಲಲಿತಾಗೆ ನಿನ್ನಪ್ಪ ಹೇಮಪ್ಪನ ಆಶೀರ್ವಾದಗಳು.

ಕೂಡಿದ ಮಹಾಜನರೇ, ಮುಂದ ಕುಂತ ತಾಯಂದಿರೇ, ಮಾಳಿಗಿ ಏರಿದವರೇ, ಗದ್ದಲ ನಿಲ್ಲಿಸಿ ಕೇಳ್ರಿ! ನಗಬ್ಯಾಡವ್ವಾ. ನಾಟಕದಾಗ ರಾಜಾಪಾರ್ಟು ಹಾಕೋದು ಬಿಟ್ಟು ಹತ್ತು ವರ್ಷ ಆದರೂ ಬಾಯಿ ತೆಗೆದರ ಇದೇ ಬರತೈತಿ. ಈ ಸಲ ನನ್ನ ಮಹಾಜನ ನೀನೊಬ್ಬಾಕಿ.

ತಡ ಮಾಡಿದೆ, ತಪ್ಪಾತು. ನಾಕು ಸಲ ಫೋನ್ ಹಚ್ಚಿ ಕಟ್ ಮಾಡಿದೆ. ಫೋನಿನಾಗ ನನ್ನ ಧ್ವನಿ ತಾನ ಏರತೈತಿ, ಹೇಳೋ ಮಾತು ನಾಟಕ ಆಗತೈತಿ. ಅದಕ್ಕ ಈ ಕಾಗದ. ಇಲ್ಲಿ ಕಾಲುವಿಗೆ ನೀರು ಬಂದೈತಿ, ನಾಟಿ ನಡದೈತಿ.

ಅಳಿಯ ಯಂಕೇಶ ಎಲ್ಲ ಹೇಳಿದ. ಕುಷ್ಟಗಿ ಡಾಕ್ಟರು ನಿನ್ನ ರಕ್ತ ನೋಡಿ ಕೊಲೆಸ್ಟ್ರಾಲ್ ಭಾಳ ಐತಿ, ದಿನಾ ಗುಳಿಗಿ ತಗೋಬೇಕು ಅಂದ್ರಂತ. ನೀನು ಚೀಟಿ ಹರಿದು, "ನಮ್ಮವ್ವ ಎರಡು ವರ್ಷ ಅದನ್ನ ನುಂಗಿದಳು. ಆದರೂ ಎದಿ ಹಿಡಕೊಂಡು ಗದ್ದಿ ಬದುವಿನ ಮ್ಯಾಲೇ ಹೋದಳು. ನಾ ಒಲ್ಲೆ" ಅಂದೆಯಂತ.

ಲಲಿತಾ, ನಿಮ್ಮವ್ವ ಅದನ್ನ ನುಂಗಲೇ ಇಲ್ಲ.

ಹೋದ ವಾರ ಗೆಳೆಯ ಕಳಕೇಶ ನಾಟಕಕ್ಕಂತ ನನ್ನ ಕಿರೀಟ ಕೇಳಾಕ ಬಂದ. ಟ್ರಂಕು ತೆಗೆದು ಕಿರೀಟ ಎತ್ತಿದರ ಒಳಗ ಚರಚರ ಸಪ್ಪಳ. ನಿಮ್ಮವ್ವನ ಸೀರಿ ಚೂರಿನಾಗ ಗಂಟು ಕಟ್ಟಿದ ಗುಳಿಗಿ, ಪಟ್ಟಿ ಪಟ್ಟಿ. ಒಂದೂ ಒಡೆದಿಲ್ಲ. ದವಾಖಾನಿ ಸಬೀನಾ ಸಿಸ್ಟರಿಗೆ ತೋರಿಸಿದೆ. "ಅಯ್ಯೋ ಕಾಕಾ, ತಿಂಗಳಾ ತಪ್ಪದ ಬಂದು ಒಯ್ದಾಳಲ್ಲರಿ! ನುಂಗ್ತಿಯಿಲ್ಲೋ ಚಿಗವ್ವ ಅಂದ್ರ, ಹ್ಞೂಂ ನನ್ನವ್ವಾ ಅಂತಿದ್ದಳು. ನುಂಗಿದ್ರ ಇನ್ನೂ ನಾಕು ದಿನ ಇರ್ತಿದ್ದಳೇನೋ" ಅಂದು ಕಣ್ಣು ಒರಸಿಕೊಂಡಳು.

ಗುಳಿಗಿ ಮ್ಯಾಲೆ ಸಿಟ್ಟು ಬ್ಯಾಡ. ಅದರದೇನೂ ತಪ್ಪಿಲ್ಲ. ನುಂಗು ನನ್ನವ್ವಾ. ಮೊಮ್ಮಗಳು ಅನುಷಾಗೆ ಮುದ್ದು. ಹುಲಿಗೆಮ್ಮ ನಿಮ್ಮನ್ನ ಕಾಯಲಿ.

ನಿನ್ನ ಅಪ್ಪ
ಹೇಮಪ್ಪ

ತಾ.ಕ.: ಯಾಕ ನುಂಗಲಿಲ್ಲ ಅಂತ ನೀ ಕೇಳೇ ಕೇಳ್ತಿ. ಡಾಕ್ಟರು ನಿಮ್ಮವ್ವಗ "ರಕ್ತದಾಗ ಕೊಬ್ಬು ಜಾಸ್ತಿ ಐತವ್ವ" ಅಂದ ದಿನ ನಾನು ಚಾದಂಗಡಿ ಕಟ್ಟಿ ಏರಿ ಕೂಗಿದೆ: "ಕೇಳ್ರಪೋ ಕೇಳ್ರಿ! ನಮ್ಮ ಯಂಕವ್ವಗ ಕೊಬ್ಬು ಬಂದೈತಂತ! ಇಳಿಸಾಕ ಸರಕಾರ ಗುಳಿಗಿ ಕೊಟ್ಟೈತಿ!" ನಾಟಿಗೆ ಹೊಂಟ ಹೆಂಗಸರು ಹೊಟ್ಟಿ ಹಿಡಕೊಂಡು ನಕ್ಕರು. ಆಮ್ಯಾಲೆ ಗದ್ದಿಯೊಳಗ ಆಕಿ ಒಂದು ಎದುರು ಮಾತಾಡಿದರ ಸಾಕು, "ಇವತ್ತು ಗುಳಿಗಿ ಮರೆತಿಯೇನ ಯಂಕವ್ವ?" ಅಂತಿದ್ದರಂತ. ಮನಿಯಾಗ ಆಕಿ ಒಮ್ಮೆ ಅಂದಿದ್ದಳು: "ಮೂವತ್ತು ವರ್ಷ ಬಗ್ಗಿ ನಾಟಿ ಹಚ್ಚೀನಿ. ನನಗೆಲ್ಲೀ ಕೊಬ್ಬು?" ನಾ ಅದಕ್ಕೂ ನಕ್ಕೆ.

ನಾಳೆ ಮುಂಜಾನೆ ಹೆಂಗಸರು ನಾಟಿಗೆ ಹೊಂಡೋ ಹೊತ್ತಿಗೆ ಅದೇ ಕಟ್ಟಿ ಏರ್ತೀನಿ. ಕೊಬ್ಬು ಯಾರಿಗಿತ್ತು ಅಂತ ಅಷ್ಟೇ ಗಟ್ಟಿಯಾಗಿ ಹೇಳಿ, ಇಳಿದು, ಈ ಕಾಗದ ನಿನ್ನ ಕೈಯಾಗ ಕೊಡಾಕ ಕುಷ್ಟಗಿ ಬಸ್ ಹತ್ತತೀನಿ.