ಸರದಿ ಇಲ್ಲದ ಯುದ್ಧ

ಮಾರ್ಚ್ 4, ಸಂಜೆ

ಪ್ರೆಸ್ಸಿನಿಂದ ಬಂದೆ. ಶಾಲೆಯೊಂದರ ಕ್ಯಾಲೆಂಡರ್ ಪ್ರೂಫ್ ನೋಡಿ ನೋಡಿ ಕಣ್ಣುರಿ. ಫೆಬ್ರವರಿಗೆ ಮೂವತ್ತು ದಿನ ಕೊಟ್ಟಿದ್ದರು. ಪುಣ್ಯಾತ್ಮರು.

ಬಟ್ಟೆ ನೆನೆಹಾಕಿ ಕಂಪ್ಯೂಟರಿನಲ್ಲಿ ಏಳುಕೋಟೆ ಆಟ ತೆರೆದೆ. ಆಟಕ್ಕಿಂತ ಮೊದಲು ದೊಡ್ಡ ಬ್ಯಾನರ್. ಏಪ್ರಿಲ್ ಹದಿನೈದರಿಂದ ಹೊಸ ಯುದ್ಧ ಪದ್ಧತಿಯಂತೆ. ‘ಸರದಿ ಇಲ್ಲ, ಕಾಯುವುದಿಲ್ಲ. ಗುರಿಯಿಟ್ಟು ಹೊಡೆಯಿರಿ, ಹಾರಿ ತಪ್ಪಿಸಿಕೊಳ್ಳಿ. ನಿಜವಾದ ಯುದ್ಧದ ಅನುಭವ.’

ನಿಜವಾದ ಯುದ್ಧ... ಬರೆದವನು ಜೀವಮಾನದಲ್ಲಿ ಸೊಳ್ಳೆ ಹೊಡೆದಿದ್ದರೆ ಹೆಚ್ಚು.

ಇಷ್ಟು ದಿನ ಪ್ರತಿಯೊಬ್ಬರಿಗೂ ಒಂದು ಸರದಿ. ಯಾರಿಗೆ ಹೊಡೆಯಬೇಕು, ಯಾರನ್ನು ಉಳಿಸಬೇಕು, ಯೋಚಿಸಲು ಎಂಟು ಸೆಕೆಂಡು. ಆಮೇಲೆ ಒಂದು ಕೀ ಒತ್ತಿದರಾಯಿತು. ನನಗೆ ಅಷ್ಟು ಸಾಕು. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಬಿಟ್ಟು ಉಳಿದದ್ದನ್ನೆಲ್ಲ ಪ್ರೆಸ್ಸಿನ ಕಟಿಂಗ್ ಮೆಷಿನ್ ಎಂದೋ ನುಂಗಿದೆ. ಎಡಗೈಯಲ್ಲೇ ಆಡುತ್ತೇನೆ. ನಮ್ಮ ನಾಲ್ವರ ತಂಡಕ್ಕೆ ನಾನೇ ಲೀಡರ್. ಅಖಾಡದಲ್ಲಿ ನಮ್ಮನಮ್ಮೊಳಗೇ ಆಡಿದರೂ ಗೆಲ್ಲುವವಳು ನಾನೇ.

ತಮ್ಮನ ಮೆಸೇಜ್ ಬಂತು. ‘ಅಕ್ಕಾ ನೋಡಿದ್ಯಾ? ಸೂಪರ್.’

ಆ ಸೂಪರನ್ನೇ ನೋಡುತ್ತ ಕೂತೆ.

ಮಾರ್ಚ್ 5

ತಂಡದ ನಾಲ್ವರೂ ಮೈಕಿಗೆ ಬಂದೆವು. ನರ್ಸಮ್ಮನದು ದೊಡ್ಡ ಆಸ್ಪತ್ರೆಯಲ್ಲಿ ಡ್ಯೂಟಿ. ಆಟದಲ್ಲೂ ಅವಳದು ಗಾಯ ವಾಸಿ ಮಾಡುವ ಕೆಲಸ. “ಇಡೀ ದಿನ ವಾರ್ಡಲ್ಲಿ ಓಡಿ ಸಾಕಾಗಿರುತ್ತೆ. ಇಲ್ಲೂ ಓಡಬೇಕಾ?” ಅಂದಳು.

ಲಾರಿಯಣ್ಣ ಲೋಡು ತುಂಬುವಾಗ ಫೋನಿನಲ್ಲಿ ಆಡುವವನು. “ನೆಟ್ ಒಂದು ಕ್ಷಣ ನಿಂತ್ರೆ ನನ್ನ ಕಥೆ ಮುಗೀತು,” ಅಂದ.

ತಮ್ಮ ಮಾತ್ರ ಕುಣಿಯುತ್ತಿದ್ದ. “ಎಲ್ಲರೂ ಕಲೀತೀರಿ ಬಿಡಿ. ಕೈ ತಾನಾಗೇ ಓಡುತ್ತೆ.”

ಯಾರ ಕೈ?... ಕೇಳಲಿಲ್ಲ.

ಮಾರ್ಚ್ 12

ಹೊಸದನ್ನು ಪ್ರಾಕ್ಟೀಸಿಗೆ ಬಿಟ್ಟಿದ್ದಾರೆ. ತಮ್ಮನೇ ಎಳೆದುಕೊಂಡು ಹೋದ.

ಮೊದಲ ಕಾಡಿನ ತೋಳ. ಇಷ್ಟು ದಿನ ನಾನು ಆಕಳಿಸುತ್ತ ಕೊಲ್ಲುತ್ತಿದ್ದ ತೋಳ. ಅದೇ ನನ್ನನ್ನು ಕೊಂದಿತು. ಮತ್ತೆ ಹೋದೆ, ಮತ್ತೆ ಕೊಂದಿತು. ಎಡಗೈಗೆ ಕೀಬೋರ್ಡೇ ಸಾಕಾಗಿ ಹೋಗುತ್ತದೆ, ಬಲಗೈಗೆ ಮೌಸ್ ಕೊಡಬೇಕು. ಎರಡು ಬೆರಳಲ್ಲಿ ಏಡಿ ಹಿಡಿದ ಹಾಗೆ ಹಿಡಿದೆ. ಜಾರಿತು.

“ಬಲಕ್ಕೆ ತಿರುಗು ಅಕ್ಕ. ಬಲಕ್ಕೆ. ಬಲಕ್ಕೆ ಅಂದ್ರೆ ಬಲಕ್ಕೆ.”

ಆಟದೊಳಗೆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಟೈಪ್ ಮಾಡಿದ — ‘ಆಂಟಿ, ಮನೇಲಿ ಕೆಲಸ ಇಲ್ವಾ?’ ತಮ್ಮ ನಕ್ಕ. ಮೈಕ್ ಆಫ್ ಮಾಡಿ ನಕ್ಕಿದ್ದರೆ ಗೊತ್ತಾಗುತ್ತಿರಲಿಲ್ಲ. ಅಷ್ಟೂ ಮಾಡಲಿಲ್ಲ.

ಮಾರ್ಚ್ 13

ಇವತ್ತು ತಂಡಕ್ಕೆಲ್ಲ ತಮ್ಮ ಹೇಳಿದ. “ಇನ್ಮೇಲೆ ಲೀಡರ್ ನಾನಾಗ್ತೀನಿ. ಅಕ್ಕ ಹಿಂದೆ ಕೂತು ಹೇಳ್ತಿರ್ತಾಳೆ.”

ಹಿಂದೆ ಕೂತು.

ಕೈ ಹೋದ ಮೇಲೆ ಪ್ರೆಸ್ಸಿನ ಯಜಮಾನರೂ ಇದೇ ಮಾತಾಡಿದ್ದರು. “ನೀನಿನ್ನು ಕೂತು ನೋಡ್ಕೊಂಡಿರಮ್ಮ.” ಆವತ್ತು ಮೆಷಿನ್ ಬಿಟ್ಟು ಪ್ರೂಫ್ ಟೇಬಲ್ಲಿಗೆ ಬಂದವಳು ಇನ್ನೂ ಕೂತೇ ಇದ್ದೇನೆ. ಈಗ ಇಲ್ಲೂ ಕುರ್ಚಿ ಹಾಕಿಕೊಡುತ್ತಾನಂತೆ, ಒಡಹುಟ್ಟಿದವನು.

ಕಂಪನಿಗೆ ಉದ್ದಕ್ಕೆ ಬರೆದೆ. ಹಳೇದನ್ನೂ ಒಂದು ಪಕ್ಕದಲ್ಲಿ ಇಟ್ಟಿರಿ, ನನ್ನಂಥವರು ಇದ್ದೇವೆ ಅಂತ. ಒಂದೇ ಕೈಯಲ್ಲಿ ಟೈಪ್ ಮಾಡಿದೆ. ಒಂದು ಅಕ್ಷರವೂ ತಪ್ಪಿಲ್ಲ.

ಮಾರ್ಚ್ 17

ಉತ್ತರ ಬಂತು. ‘ನಿಮ್ಮ ಉತ್ಸಾಹ ಕಂಡು ಸಂತೋಷವಾಯಿತು.’ ಜೊತೆಗೆ ಆಟದಲ್ಲಿ ಹಾಕಿಕೊಳ್ಳಲು ಒಂದು ಹಸಿರು ಟೋಪಿ ಉಚಿತ.

ಟೋಪಿ. ಸರಿಯಾದದ್ದನ್ನೇ ಕಳಿಸಿದ್ದಾರೆ.

ಮಾರ್ಚ್ 22, ಭಾನುವಾರ

ತಮ್ಮನ ಮನೆಗೆ ಊಟಕ್ಕೆ ಹೋಗಿದ್ದೆ. ಹೋಗಬಾರದಿತ್ತು.

ಮಾತು ಅಲ್ಲಿಗೇ ಬಂತು. “ಅದು ಯುದ್ಧನಾ ಅಕ್ಕ?” ಅಂದ. “ಬ್ಯಾಂಕಲ್ಲಿ ಟೋಕನ್ ತಗೊಂಡು ಕೂತ ಹಾಗೆ. ನಾನು ಹೊಡೆದೆ, ಈಗ ನೀವು ಹೊಡೀರಿ, ಥ್ಯಾಂಕ್ಯೂ, ಮತ್ತೆ ಬನ್ನಿ.”

“ನಿಂದೇನು ಮಹಾ? ನೊಣ ಓಡಿಸೋ ಹಾಗೆ ಕೈ ಬೀಸೋದು. ತಲೆಗೆ ಅಲ್ಲೇನು ಕೆಲಸ?”

“ತಲೆನೂ ಬೇಕು. ಬೇಗ ಓಡೋ ತಲೆ ಬೇಕು.”

ಅವನ ಹೆಂಡತಿ ಬಡಿಸುವ ಸೌಟು ಹಿಡಿದು ನಿಂತಿದ್ದಳು. “ಅಣ್ಣ ತಮ್ಮಂದಿರು ಆಸ್ತಿಗೂ ಹೀಗೆ ಕಿತ್ತಾಡಲ್ಲ. ಊಟ ಮಾಡಿ ಇಬ್ಬರೂ.”

ನಾನು ಬಿಡಲಿಲ್ಲ. “ಹಳೇದರಲ್ಲಿ ನನ್ನ ಮುಂದೆ ನಿಲ್ಲೋಕಾಗದೋನು ಹೊಸದರಲ್ಲಿ ಲೀಡರ್ ಅಂತೆ,” ಅಂದೆ.

ಅವನ ಮುಖ ಕೆಂಪಾಯಿತು. “ಬಿಟ್ಟಿದ್ವಿ ಅಕ್ಕ. ಇಷ್ಟು ವರ್ಷ ಎಲ್ಲರೂ ನಿನಗೋಸ್ಕರ ಬಿಟ್ಟುಕೊಟ್ಟಿದ್ವಿ. ಕೈ ಹೋದೋಳು, ಇದಾದ್ರೂ ಗೆಲ್ಲಲಿ ಅಂತ.”

ಅವಳ ಸೌಟು ಅಲ್ಲೇ ನಿಂತಿತು. ನಾನು ಅರ್ಧ ಊಟಕ್ಕೆ ಎದ್ದು ಬಂದೆ. ಹಿಂದೆ ಯಾರೂ ಬರಲಿಲ್ಲ.

ಮಾರ್ಚ್ 23

ಬಿಟ್ಟಿದ್ವಿ. ಪ್ರೂಫ್ ನೋಡುವಾಗಲೂ ಅದೇ ಪದ. ಪ್ರತಿ ಸಾಲಿನಲ್ಲೂ ಅದೇ.

ನರ್ಸಮ್ಮನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. “ನಾನು ನಿಮಗೆ ಬಿಟ್ಟುಕೊಡೋದಾ?” ಅಂದಳು. “ನಿಮ್ಮ ಕೈ ವಿಷಯ ನಂಗೆ ಗೊತ್ತಾಗಿದ್ದೇ ಹೋದ ವರ್ಷ. ಅದಕ್ಕೆ ಮುಂಚೆ ನಿಮ್ಮ ಕೈಲಿ ಸೋತು ಎಷ್ಟು ಶಾಪ ಹಾಕಿದೀನಿ ಗೊತ್ತಾ?”

ಸಮಾಧಾನವಾಗಬೇಕಿತ್ತು. ಆದರೆ ನರ್ಸಲ್ಲವೇ... ಸಾಯುವವರಿಗೂ ನಾಳೆ ಮನೆಗೆ ಹೋಗ್ತೀರಿ ಅನ್ನುವವಳು.

ಏಪ್ರಿಲ್ 9

ಇಷ್ಟು ದಿನ ಬರೆಯಲಿಲ್ಲ. ಆಟವನ್ನೂ ತೆರೆಯಲಿಲ್ಲ. ಗಿರಾಕಿಗಳ ಮೇಲೆ ಹರಿಹಾಯ್ದೆ. ವಿಸಿಟಿಂಗ್ ಕಾರ್ಡಿಗೆ ತನ್ನ ಹೆಸರನ್ನೇ ತಪ್ಪು ಬರೆದು ತಂದವನಿಗೆ, “ಮೊದಲು ಮನೇಲಿ ಕೇಳಿಕೊಂಡು ಬನ್ನಿ,” ಅಂದುಬಿಟ್ಟೆ. ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

ಇವತ್ತು ತಮ್ಮನಿಗೆ ಮೆಸೇಜ್ ಹಾಕಿದೆ. ‘ಹದಿನಾಲ್ಕನೇ ತಾರೀಕು ನಾಲ್ಕು ಗಂಟೆಗೆ ಹಳೇದು ಮುಚ್ಚುತ್ತೆ. ಮಧ್ಯಾಹ್ನ ಅಖಾಡಕ್ಕೆ ಬಾ. ನೀನು, ನಾನು. ಬಿಟ್ಟುಕೊಟ್ಟರೆ ಸಾಯೋವರೆಗೂ ಮುಖ ನೋಡಲ್ಲ.’

‘ಬರ್ತೀನಿ’ ಅಂತ ಬಂತು. ಅಷ್ಟೇ.

ಏಪ್ರಿಲ್ 14, ಸಂಜೆ

ರಜೆ ಹಾಕಿದ್ದೆ. ಹೊಟ್ಟೆನೋವು ಅಂದೆ.

ಮೊದಲ ಆಟ. ಎಂದಿನಂತೆ ನುಗ್ಗಿ ಬಂದ, ಬೆಂಕಿ ಹಿಡಿದು. ನಾನು ಹೊಡೆಯಲಿಲ್ಲ. ಗೋಡೆ ಎಬ್ಬಿಸಿದೆ. ಬೆಂಕಿಯೆಲ್ಲ ಗೋಡೆಗೆ ಖರ್ಚಾಯಿತು. ಬರಿಗೈಯಲ್ಲಿ ನಿಂತವನನ್ನು ಮುಗಿಸಿದೆ.

“ಇನ್ನೊಂದು,” ಅಂದ. ಅದನ್ನೂ ಗೆದ್ದೆ.

ಮೂರನೆಯದು ಬಿಗಿಯಾಗಿತ್ತು. ನಿಜವಾಗಿ ಯೋಚಿಸಿ ಆಡಿದ. ನನ್ನ ಜೀವ ಚೂರೇ ಉಳಿದಿತ್ತು. ಒಂದು ಸರದಿಯಲ್ಲಿ ಬೇಕೆಂದೇ ಗುರಾಣಿ ಕೆಳಗಿಟ್ಟೆ. ಅವನಿಗೆ ಆಸೆಯಾಯಿತು. ಇದ್ದಬದ್ದ ಬಲವನ್ನೆಲ್ಲ ಒಂದೇ ಏಟಿಗೆ ಸುರಿದ. ಆಟಕ್ಕೆ ಒಂದೇ ಸಲ ಎದುರಾಳಿಯ ಸರದಿಯಲ್ಲೂ ಒಂದು ಹೆಜ್ಜೆ ಸರಿಯಬಹುದು; ಅಷ್ಟರಲ್ಲಿ ನಾನು ಆ ಆಜ್ಞೆ ಕೊಟ್ಟಾಗಿತ್ತು. ಏಟು ಗಾಳಿಗೆ ಹೋಯಿತು. ಮುಂದಿನ ಸರದಿ ನನ್ನದು.

ಮೂರನೆಯದನ್ನೂ ಗೆದ್ದೆ.

“ಬಿಟ್ಟೆಯೇನೋ?”

“ಇಲ್ಲ.”

“ಅಮ್ಮನ ಆಣೆ?”

“ಅಮ್ಮನ ಆಣೆ. ಇವತ್ತು ಅಂತಲ್ಲ, ಯಾವತ್ತೂ ಬಿಟ್ಟಿಲ್ಲ ಅಕ್ಕ. ನಿನಗೆ ಗೊತ್ತಿಲ್ದೆ ಪ್ರಾಕ್ಟೀಸ್ ಮಾಡ್ತಿದ್ದೆ. ಆದ್ರೂ ಒಂದೇ ಒಂದು ಸಲ ಗೆಲ್ಲೋಕಾಗಿಲ್ಲ.” ಆಮೇಲೆ ಹೇಳಿದ, “ಸರದಿ ತೆಗೀರಿ ಅಂತ ಕಂಪನಿಗೆ ಬರೆದೋರಲ್ಲಿ ನಾನೂ ಒಬ್ಬ. ಕೈಯಿಂದ ಆದ್ರೂ ಗೆಲ್ಲಬಹುದು ಅಂತ.”

ಬೈಯಲು ಬಾಯಿ ತೆಗೆದೆ. ಸ್ಕ್ರೀನ್ ಕಪ್ಪಾಯಿತು. ಮುಚ್ಚುವ ಹೊತ್ತು.

ಸುಳ್ಳು ಹೇಳಿದ್ದಕ್ಕೆ ಸಿಟ್ಟು. ನಿಜ ಹೇಳಿದ್ದಕ್ಕೆ ಇನ್ನೂ ಸಿಟ್ಟು. ನನಗಿರುವ ಒಂದು ಜಾಗವನ್ನೂ ಕಿತ್ತುಹಾಕಿ ಅಂತ ಅರ್ಜಿ ಹಾಕಿದವನು ನನ್ನ ತಮ್ಮ. ಆದರೆ... ಎಷ್ಟೋ ದಿನದ ಮೇಲೆ ಹಸಿವಾಯಿತು. ಪಾತ್ರೆಯಲ್ಲಿದ್ದದ್ದನ್ನೆಲ್ಲ ತಿಂದೆ.

ಏಪ್ರಿಲ್ 20

ಲಾರಿಯಣ್ಣ ಬೇರೆ ಆಟ ಹುಡುಕಿದ್ದಾನೆ. ಯಾರೋ ಇಬ್ಬರು ಮನೆಯಲ್ಲಿ ಕೂತು ಮಾಡಿದ್ದಂತೆ. ಚಿತ್ರ ದೇವರಿಗೇ ಪ್ರೀತಿ. ಕುದುರೆ ಕತ್ತೆಯ ಹಾಗಿದೆ, ಕತ್ತೆ ಮೇಜಿನ ಹಾಗಿದೆ. ಆದರೆ ಸರದಿ ಇದೆ. ನರ್ಸಮ್ಮ, ಲಾರಿಯಣ್ಣ, ನಾನು. ತಂಡಕ್ಕೆ ನಾಲ್ವರು ಬೇಕು. ನಾಲ್ಕನೇ ಜಾಗ ಖಾಲಿ. ಯಾರೂ ಆ ಮಾತು ಎತ್ತುವುದಿಲ್ಲ.

ಮೇ 2

ತಮ್ಮ ಬಂದಿದ್ದ. ಫೋನಿಲ್ಲ, ಏನಿಲ್ಲ. ಕಾಫಿ ಕೊಟ್ಟೆ.

“ಏಳುಕೋಟೇಲಿ ಗೆಲ್ತಿದೀನಿ ಅಕ್ಕ. ದಿನಾ ಗೆಲ್ತಿದೀನಿ.”

“ಒಳ್ಳೇದು.”

“ಯಾರನ್ನ ಗೆದ್ದೆ ಅಂತಲೇ ಗೊತ್ತಾಗಲ್ಲ. ಅವರು ಯಾರೋ, ನಾನು ಯಾರೋ.”

“ನೀನೇ ಕೇಳಿ ತರಿಸಿಕೊಂಡಿದ್ದು. ಅನುಭವಿಸು.”

ತಲೆ ತಗ್ಗಿಸಿ ಕಾಫಿ ಕುಡಿದ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ. “ಆ ಮೂರನೇ ಆಟದಲ್ಲಿ, ಆಗಲೇ ಹೊಡೀತೀನಿ ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಹೇಳಲ್ಲ, ಹೋಗು.”

“ನಾಳೆ ಬಂದು ಕೇಳ್ತೀನಿ.”

ಮೇ 3, ಭಾನುವಾರ, ಬೆಳಿಗ್ಗೆ

ಸಿಟ್ಟು ಇಳಿದಿಲ್ಲ. ನಾಲ್ಕನೇ ಜಾಗವನ್ನು ತಮ್ಮನಿಗೆ ಕೊಡುವುದೋ ಬೇಡವೋ ಉಳಿದಿಬ್ಬರು ಹೇಳಲಿ. ಕ್ಷಮೆಯನ್ನೂ ಅವನು ಅವರಲ್ಲೇ ಕೇಳಲಿ. ನನ್ನನ್ನು ಕೇಳಿದರೆ ತಟ್ಟನೆ ಒಪ್ಪಿಬಿಡುತ್ತೇನೆ. ಅದು ನನಗೆ ಬೇಕಿಲ್ಲ.

ಅವನ ಪ್ರಶ್ನೆಗೆ ಉತ್ತರ ಅವನಿಗೆ ಹೇಳುವುದಿಲ್ಲ. ಹೇಳಿದರೆ ತಿದ್ದಿಕೊಳ್ಳುತ್ತಾನೆ. ಇಲ್ಲಿ ಬರೆಯುತ್ತೇನೆ. ಜೋರಾಗಿ ಹೊಡೆಯುವ ಮುಂಚೆ ಉಸಿರು ಬಿಗಿಹಿಡಿಯುತ್ತಾನೆ. ಚಿಕ್ಕವನಿದ್ದಾಗ ಗೋಲಿ ಹೊಡೆಯುವಾಗಲೂ ಹಾಗೇ. ಸರದಿಗೆ ಕಾಯುವ ಆ ಮೌನದಲ್ಲಿ ಮೈಕಿನೊಳಗೆ ಅವನ ಉಸಿರು ಬರುತ್ತಿರುತ್ತಿತ್ತು. ಅದು ನಿಂತಿತೆಂದರೆ ನಾನು ಸರಿದುಬಿಡುತ್ತಿದ್ದೆ. ಎಲ್ಲರೂ ಓಡಿ ಹಾರುವ ಆ ಹೊಸ ಗದ್ದಲದಲ್ಲಿ ಯಾರ ಉಸಿರು ಯಾರಿಗೆ ಕೇಳಿಸ...

ಬೆಲ್. ಅವನೇ. ಒಂದೇ ಸಮ ಒತ್ತುತ್ತಿದ್ದಾನೆ. ಬಂದೆ ಅಂದರೂ ಬಿಡುತ್ತಿಲ್ಲ. ಕಾಯುವ ಬುದ್ಧಿ ಇವನಿಗೆ ಯಾವತ್ತೂ...